ಮುಂದಿನ ಹುಕುಮಿನ ತನಕ

ಅರ್ಧ ಗಡ್ಡ ಹೆರೆದಾಗಿತ್ತು. ಇನ್ನರ್ಧದ ಮೇಲೆ ಸೋಪಿನ ನೊರೆ ಒಣಗಿ ಚರ್ಮ ಬಿಗಿಯುತ್ತಿತ್ತು. ಡಾಕ್ಟರ್ ಅಮೀನುದ್ದೀನರು ರೇಜರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಆ ಕಾಗದವನ್ನು ಮೂರನೆಯ ಸಲ ಕೈಗೆತ್ತಿಕೊಂಡರು. ಮುದ್ದೇಬಿಹಾಳದ ಪ್ರವಾಸಿ ಬಂಗಲೆಯಲ್ಲಿ ಬೆಳಗಿನ ಎಂಟು ಗಂಟೆ. ಹೊರಗೆ ಜೀಪು ತೊಳೆಯುವ ಸಪ್ಪಳ. ಜಿಲ್ಲೆಯ ಪಶುವೈದ್ಯಾಧಿಕಾರಿಯಾಗಿ ವಿಜಾಪುರಕ್ಕೆ ಬಂದು ಅವರಿಗೆ ಇನ್ನೂ ಎರಡು ತಿಂಗಳಾಗಿರಲಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿ ಮುಗಿಸಿ ಇವತ್ತು ಈ ತಾಲೂಕಿನ ದಫ್ತರ ನೋಡಬೇಕಾಗಿತ್ತು. ನೋಡುವುದೆಂದರೇನು, ಹಾಳೆ ತಿರುವಿ ಕೊನೆಗೊಂದು ಸಹಿ ಹಾಕುವುದು. ದನ ಮುಟ್ಟದೆ ದನದ ಡಾಕ್ಟರಾಗಿರುವ ವಿದ್ಯೆಯನ್ನು ಅವರು ಈ ಏಳು ವರ್ಷಗಳಲ್ಲಿ ಚೆನ್ನಾಗಿ ಕಲಿತಿದ್ದರು. ಈ ಕಾಗದ ಆ ಹಾಳೆಗಳ ನಡುವೆ ಬಂದಿತ್ತು. ಶಾಲೆಯ ಮಕ್ಕಳ ಗೆರೆ ಹೊಡೆದ ಹಾಳೆ, ಯಾರೋ ಮಾಸ್ತರರ ದುಂಡನೆಯ ಅಕ್ಷರ, ಕೆಳಗೆ ಹೆಬ್ಬೆಟ್ಟು.

‘ಮೇಹರಬಾನ್ ಡಾಕ್ಟರ್ ಸಾಹೇಬರ ಸೇವೆಯಲ್ಲಿ ಹೊಳಿಮಟ್ಟಿಯ ದಸ್ತಗೀರಸಾಬನ ಸಲಾಮು. ತಾವು ಐವತ್ತೆಂಟನೆಯ ಇಸವಿಯಲ್ಲಿ ಹುಕುಂ ಮಾಡಿದ ಪ್ರಕಾರ ನನ್ನ ಎತ್ತನ್ನು ಬೇರೆ ಕಟ್ಟಿದ್ದೇನೆ. ಏಳು ವರ್ಷವಾಯಿತು. ಯಾರ ದನದ ಕೂಡವೂ ಬಿಟ್ಟಿಲ್ಲ. ನೀರಿನ ದೋಣಿ ಬೇರೆ ಇಟ್ಟಿದ್ದೇನೆ. ಈಗ ಅದಕ್ಕೆ ಹಲ್ಲು ಸವೆದಿವೆ. ಈ ಸಲ ಮಳೆ ಚಲೋ ಆಗಿ ಹೊಳೆಯ ದಂಡೆಗೆ ಹುಲ್ಲು ಬಂದಿದೆ. ಸಾಯುವ ಮೊದಲು ಒಮ್ಮೆ ಬಿಟ್ಟು ಮೇಯಿಸಬಹುದೋ ಹೇಗೆ, ಹುಕುಂ ಆಗಬೇಕು.’

ಕಾಗದ ತಂದುಕೊಟ್ಟ ಕಾರಕೂನ ಪರಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. ಪರಪ್ಪನದು ಕೆಟ್ಟ ನಗೆಯಲ್ಲ. ಇಪ್ಪತ್ತು ವರ್ಷ ಕಚೇರಿಯಲ್ಲಿ ಕೂತು ಜನರ ಅರ್ಜಿ ಓದಿದವನಿಗೆ ಬರುವ ನಗೆ. “ಎಂಥಾ ಹುಚ್ಚ ಮುದುಕರಿ ಇಂವಾ! ಏಳ ವರ್ಷ ಎತ್ತ ಕಟ್ಟಿ ಹಾಕ್ಯಾನಂತ. ತಿಂಗಳಾದ ಮ್ಯಾಲೆ ಬಿಚ್ಚಬೇಕು ಅನ್ನೂ ಅಕ್ಕಲ್ ಬ್ಯಾಡೇನ್ರಿ? ಒಂದ ಸಾಲ ಬರದ ಒಗೀರಿ ಸಾಹೇಬ್ರ, ‘ಬಿಡಬಹುದು’ ಅಂತ. ಟಪಾಲಿಗಿ ಹಾಕತೇನಿ.”

“ತಿಂಗಳು ಅಂತ ಅವನಿಗೆ ಹೇಳಿದವರು ಯಾರು ಪರಪ್ಪಾ?”

“ಅದಕ್ಕ ಹೇಳೂದೇನೈತ್ರಿ, ಕಾಯ್ದೇದಾಗ ಐತಿ.”

ಕಾಯ್ದೆಯಲ್ಲಿತ್ತು. ರೋಗದ ಅನುಮಾನವಿರುವ ದನವನ್ನು ಮೂವತ್ತು ದಿನ ಬೇರೆ ಕಟ್ಟಬೇಕು, ಆಮೇಲೆ ಅಧಿಕಾರಿ ಬಂದು ನೋಡಿ ಬಿಡುಗಡೆಯ ಹುಕುಂ ಕೊಡಬೇಕು. ಕಾಯ್ದೆ ಇಂಗ್ಲಿಷಿನಲ್ಲಿತ್ತು, ಹುಕುಂ ಕನ್ನಡದಲ್ಲಿತ್ತು. ‘ಸದರಿ ಎತ್ತನ್ನು ಮುಂದಿನ ಹುಕುಮಿನ ತನಕ ಪ್ರತ್ಯೇಕವಾಗಿ ಕಟ್ಟತಕ್ಕದ್ದು.’ ಎಷ್ಟು ಸಲ ಬರೆದಿದ್ದರು ಆ ವಾಕ್ಯವನ್ನು! ಕೈಗೆ ರೂಢಿಯಾಗಿ, ಬರೆಯುವಾಗ ಮನಸ್ಸು ಬೇರೆಲ್ಲೋ ಇರುತ್ತಿತ್ತು. ಆ ಹುಕುಂ ಬರೆದ ಮೂರೇ ವಾರಕ್ಕೆ ಬಡ್ತಿಯಾಗಿ ವರ್ಗವಾಯಿತು. ಟ್ರಂಕು, ಹಾಸಿಗೆ ಸುರುಳಿ ಮತ್ತು ಹೆಂಡತಿ ಶಮ್ಶುನ್ನೀಸಾಳ ಹೊಲಿಗೆ ಯಂತ್ರವನ್ನು ರೈಲಿಗೇರಿಸುವ ಗಡಿಬಿಡಿಯಲ್ಲಿ ಹೊಳಿಮಟ್ಟಿಯಲ್ಲಿ ಒಂದು ಎತ್ತು ಗೂಟದಲ್ಲಿದೆ ಎಂಬುದು ನೆನಪಾಗಲಿಲ್ಲ. ಹಾಗೆಂದು ಅವರು ಈಗ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು, ಅದು ಅರ್ಧ ಸುಳ್ಳು. ನೆನಪಾಗಿತ್ತು. ರೈಲು ಆಲಮಟ್ಟಿಯ ಸೇತುವೆ ದಾಟುವಾಗ ಕೆಳಗೆ ಕೃಷ್ಣೆಯನ್ನು ಕಂಡು ನೆನಪಾಗಿತ್ತು, ಅವರು ಮಗ್ಗುಲಿಗೆ ತಿರುಗಿ ಕೂತಿದ್ದರು.

ಉಳಿದರ್ಧ ಗಡ್ಡ ಹೆರೆಯುವಾಗ ಕೆನ್ನೆ ಕೊಯ್ದುಕೊಂಡಿತು. ನಿಜ ಏನೆಂದರೆ, ಆ ಎತ್ತಿಗೆ ಮೂವತ್ತು ದಿನದ ಮಾತೂ ಹೆಚ್ಚೇ. ಅದಕ್ಕೆ ರೋಗವಿರಲಿಲ್ಲ. ಅದರ ಎಡಗಿವಿಯಲ್ಲಿ ದುಂಡನೆಯ ತೂತಿತ್ತು. ಬೇರೆ ತಾಲೂಕಿನಲ್ಲಿ ಯಾರೋ ಚುಚ್ಚುಮದ್ದು ಹಾಕಿ ಗುರುತಿಗೆ ಹೊಡೆದದ್ದು. ಆ ತೂತನ್ನು ಅವರು ನೋಡಿದ್ದರು, ಬೆರಳು ಹಾಕಿ ನೋಡಿದ್ದರು. ಹಿಂಡಿಗೆ ಹಿಂಡನ್ನೇ ಕೊಲ್ಲುವ ದೊಡ್ಡಬ್ಯಾನಿಯ ಮದ್ದು ಬಿದ್ದ ದನ ವರ್ಷಗಟ್ಟಲೆ ಆ ರೋಗವನ್ನು ತಾನೂ ಹತ್ತಿಸಿಕೊಳ್ಳುವುದಿಲ್ಲ, ಬೇರೆಯವಕ್ಕೂ ಕೊಡುವುದಿಲ್ಲ ಎಂಬುದು ಈ ನಾಲ್ಕು ತಾಲೂಕುಗಳಲ್ಲಿ ಆಗ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಗೊತ್ತಿದ್ದೇ ಬರೆದಿದ್ದರು.

“ಜೀಪು ತಯಾರ ಮಾಡಿಸು,” ಎಂದರು. “ಹೊಳಿಮಟ್ಟಿಗೆ ಹೋಗಿ ಬರೋಣ.”

“ಒಂದ ಎತ್ತಿಗಿ? ನೀವ?” ಪರಪ್ಪನ ನಗೆ ನಿಂತಿತು. ಅವನು ಹಳೆಯ ಫೈಲನ್ನೂ ಓದಿದ್ದನೆಂಬುದು ಆಗ ಅಮೀನುದ್ದೀನರಿಗೆ ಹೊಳೆಯಿತು. “ಸಾಹೇಬ್ರ, ನಾ ಸಣ್ಣಾಂವ, ತಿಳದದ್ದ ಹೇಳತೇನಿ. ಬಿಡಬಹುದು ಅಂದ್ರ ಮುಗೀತು. ಯಾಕ, ಏನು ಅಂತ ಕೆದರಾಕ ಹ್ವಾದ್ರ ಹಳೇ ರಿಪೋರ್ಟ ಎಲ್ಲಾ ಮ್ಯಾಲ ಬರ್ತಾವು. ಅದರಾಗ ನಿಮ್ಮದ ಸಹಿ ಐತಿ.”

ಪರಪ್ಪನ ಮಾತು ಸರಿಯಿತ್ತು. ಸರಿಯಿದ್ದದ್ದಕ್ಕೇ ಅವರಿಗೆ ಸಿಟ್ಟು ಬಂತು. ಜೀಪು ಹತ್ತಿದರು. ಡ್ರೈವರ್ ಮೈಬೂಬನ ಪಕ್ಕದಲ್ಲಿ ಕೂತು ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡರು. ಪರಪ್ಪ ಹಿಂದೆ ಕೂತ, ಫೈಲನ್ನು ತೊಡೆಯ ಕೆಳಗೆ ಒತ್ತಿಕೊಂಡು.

ತಂಗಡಗಿಯ ದಾರಿಯಲ್ಲಿ ಎರಡೂ ಬದಿಗೆ ಸಜ್ಜೆ ಮೊಣಕಾಲೆತ್ತರ ಬಂದಿತ್ತು. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಜೀಪು ಜಾರುತ್ತಿತ್ತು. ಆಗ ಜೀಪಿರಲಿಲ್ಲ, ಚಕ್ಕಡಿಯಲ್ಲಿ ಬಂದಿದ್ದರು. ಐವತ್ತೇಳರ ಚಳಿಗಾಲ. ಮದ್ದಿನ ಸೀಸೆಗಳನ್ನು ಬರ್ಫದ ಥರ್ಮಾಸಿನಲ್ಲಿಟ್ಟು, ಥರ್ಮಾಸನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಹಿಡಿದಂತೆ ಮಡಿಲಲ್ಲಿ ಹಿಡಿದು ಕೂತಿದ್ದರು. ದೊಡ್ಡಬ್ಯಾನಿಯನ್ನು ದೇಶದಿಂದಲೇ ಓಡಿಸುವ ಕೆಲಸ. ಮೈಯಲ್ಲಿ ಹುರುಪಿತ್ತು. ಹೊಳಿಮಟ್ಟಿಯಲ್ಲಿ ಎರಡು ಚಕ್ಕಡಿಗಳನ್ನು ಎದುರುಬದುರು ನಿಲ್ಲಿಸಿ ನಡುವೆ ಓಣಿ ಮಾಡಿ, ಒಂದೊಂದೇ ದನವನ್ನು ಹಾಯಿಸುತ್ತಿದ್ದರು. ಊರಿನ ಹಿರಿಯ ಗುರಪ್ಪಗೌಡರು ತಾವೇ ತಲೆಯ ಪಟಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಕೊಂಬು ಹಿಡಿಯಲು ನಿಂತಿದ್ದರು. ಆರು ತಿಂಗಳೊಳಗಿನ ಕರುಗಳನ್ನೂ ತುಂಬು ಗಬ್ಬದ ಆಕಳುಗಳನ್ನೂ ಬಿಟ್ಟು ಉಳಿದವೆಲ್ಲ ಮುಗಿಯುತ್ತ ಬಂದಿದ್ದವು, ಆಗ ಊರ ಬಸವಣ್ಣ ಬಂತು. ದೇವರಿಗೆ ಬಿಟ್ಟ ಹೋರಿ. ಯಾರದೂ ಅಲ್ಲದ, ಯಾರ ಹೊಲಕ್ಕೆ ನುಗ್ಗಿದರೂ ಯಾರೂ ಬಡಿಯದ ಹೋರಿ. ತಾನೇ ನಡೆದು ಬಂದು ಸಾಲಿನ ಕೊನೆಗೆ, ಸರದಿ ಇದ್ದವರ ಹಾಗೆ, ನಿಂತುಕೊಂಡಿತು. ಮೂಗುದಾಣವಿಲ್ಲದ ಅದರ ಮುಖ ನುಣ್ಣಗೆ ಹೊಳೆಯುತ್ತಿತ್ತು.

ಎಲ್ಲರೂ ಅದನ್ನು ನೋಡಿದರು, ಆಮೇಲೆ ಡಾಕ್ಟರರನ್ನು ನೋಡಿದರು. ಗದ್ದಲ ನಿಂತಿತು. ಗುರಪ್ಪಗೌಡರು ಕೂಡ ಏನೂ ಅನ್ನಲಿಲ್ಲ. ಮದ್ದು ತುಂಬಿದ ಸೂಜಿ ಕೈಯಲ್ಲಿತ್ತು. ಯಾರೂ ಬೇಡ ಅಂದಿರಲಿಲ್ಲ, ಅದೇ ವಿಚಿತ್ರ. ಅವರೇ ತಮ್ಮ ಹೆಸರನ್ನು ಒಮ್ಮೆ ಹೊರಗಿನಿಂದ ಕೇಳಿಸಿಕೊಂಡರು: ಅಮೀನುದ್ದೀನ. ನಾಳೆ ಈ ಹೋರಿ ಕುಂಟಿದರೆ, ಕೆಮ್ಮಿದರೆ, ಸುಮ್ಮನೆ ಒಂದು ದಿನ ಹುಲ್ಲು ಬಿಟ್ಟರೆ, ಆ ಹೆಸರು ಎಲ್ಲಿಗೆಲ್ಲ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ಇಂಡಿಯಲ್ಲಿ ಅವರಪ್ಪ ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಬಡಿಯುತ್ತಿದ್ದವನು. ದೇವರ ಹೋರಿಗೆ ಗೊರಸು ಸೀಳಿದರೆ ಊರವರು ಅವನನ್ನೇ ಕರೆಯುತ್ತಿದ್ದರು. ಹಗ್ಗ ಹಾಕಿ ಕೆಡವಿ, ಎದೆಯ ಮೇಲೆ ಮೊಣಕಾಲೂರಿ ಮೊಳೆ ಹೊಡೆಯುತ್ತಿದ್ದ, ಪೂಜಾರಿಯೇ ಕಾಲು ಹಿಡಿಯುತ್ತಿದ್ದ. ಅಪ್ಪನಿಗಿಲ್ಲದ ಅಂಜಿಕೆ ಮುಂಬಯಿಯಲ್ಲಿ ಓದಿದ ಮಗನಿಗೆ ಎಲ್ಲಿಂದ ಬಂತು? ಅವರು ಸೂಜಿ ಹಿಡಿದ ಕೈಯನ್ನೇ ಇನ್ನೊಂದಕ್ಕೆ ಜೋಡಿಸಿ ಹೋರಿಗೆ ಕೈ ಮುಗಿದರು. ಸಾಲಿನಲ್ಲಿ ಯಾರೋ ಮುದುಕಿ, “ಸಾಹೇಬ್ರು ದೇವರಿಗಿ ಕೈ ಮುಗದ್ರು ನೋಡವಾ,” ಎಂದಳು. ಹತ್ತಾರು ಮುಖಗಳು ಅರಳಿದವು. ಆ ಅರಳಿದ ಮುಖಗಳು ತಮಗೆ ಕೊಟ್ಟ ಸುಖವನ್ನು ನೆನೆದರೆ ಈಗಲೂ ಅಮೀನುದ್ದೀನರಿಗೆ ನಾಚಿಕೆಯಾಗುತ್ತಿತ್ತು. ರಜಿಸ್ಟರಿನಲ್ಲಿ ಹೋರಿ ಲೆಕ್ಕಕ್ಕೇ ಬರಲಿಲ್ಲ. ಯಾರ ಹೆಸರಿನ ಮುಂದೆ ಬರೆಯಬೇಕು? ಹೊಳಿಮಟ್ಟಿ, ನೂರಕ್ಕೆ ನೂರು ಎಂದು ಬರೆದರು. ಆ ನೂರಕ್ಕೆ ನೂರೇ ಮುಂದೆ ಬಡ್ತಿ ತಂದದ್ದು.

“ರಸ್ತಾ ಇಲ್ಲಿಂದ ಭಾಳ ಕೆಟ್ಟೈತ್ರಿ,” ಮೈಬೂಬ ಹೇಳಿದ. ಅವರು ಹೂಂ ಎಂದರು.

ನಾಲ್ಕು ತಿಂಗಳಿಗೆ ಹೋರಿ ಸತ್ತಿತು. ಹೊಳೆಯ ಉಸುಕಿನಲ್ಲಿ, ನೀರಿಗೆ ಬಾಯಿ ಚಾಚಿ ಬಿದ್ದಿತ್ತು. ಅವರು ಆಗ ತಂಗಡಗಿಯ ದವಾಖಾನೆಯಲ್ಲೇ ಇದ್ದರು, ಗೌಡರು ಕರೆಸಿದರು. ಕಣ್ಣಿನಿಂದ ಕೀವು ಇಳಿದ ಗೆರೆ, ಹಿಂಗಾಲೆಲ್ಲ ಭೇದಿ. ಬಾಯಿ ತೆರೆದು ಟಾರ್ಚು ಹಿಡಿದು ನೋಡಿದರು. ಒಸಡಿನ ಮೇಲೆ, ನಾಲಿಗೆಯ ಕೆಳಗೆ, ತವಡು ಉದುರಿಸಿದ ಹಾಗೆ ಹುಣ್ಣು. ಅದನ್ನು ಒಮ್ಮೆ ನೋಡಿದವರು ಸಾಯುವ ತನಕ ಮರೆಯುವುದಿಲ್ಲ. ಬೆನ್ನ ಹಿಂದೆ ಊರೆಲ್ಲ ನಿಂತಿತ್ತು. ಬಾರಿಸುವ ಹಲಗೆ ಬಂದಿತ್ತು, ವಿಭೂತಿಯ ತಟ್ಟೆ ಬಂದಿತ್ತು. “ಏನಾಗಿತ್ರಿ ಸಾಹೇಬ್ರ ನಮ್ಮ ಬಸವಣ್ಣಗ?” ಎಂದು ಗೌಡರು ಕೇಳಿದಾಗ, ದೊಡ್ಡಬ್ಯಾನಿ ಎಂಬ ಮಾತು ಗಂಟಲ ತನಕ ಬಂತು. ದೊಡ್ಡಬ್ಯಾನಿ ಅಂದರೆ ಮೆರವಣಿಗೆ ಇಲ್ಲ. ಅಲ್ಲೇ ಆಳದ ಗುಂಡಿ, ಸುಣ್ಣ, ತೊಗಲಿಗೆ ಕತ್ತಿಯ ಗೀರು. ದೇವರ ಹೋರಿಯ ತೊಗಲಿಗೆ ಕತ್ತಿ ಹಾಕಬೇಕೆಂದು ಯಾರು ಹೇಳಬೇಕು? ಮತ್ತು, ನೂರಕ್ಕೆ ನೂರು ಎಂದು ಬರೆದ ಊರಲ್ಲಿ ದೊಡ್ಡಬ್ಯಾನಿ ಹೇಗೆ ಬಂತು? “ವಯಸ್ಸಾಗಿತ್ತು ಗೌಡ್ರೇ,” ಎಂದರು.

ಅವತ್ತು ಹೋರಿಯನ್ನು ಚಕ್ಕಡಿಯಲ್ಲಿ ಮಲಗಿಸಿ ಓಣಿ ಓಣಿ ತಿರುಗಿಸಿದರು. ಮನೆ ಮನೆಯ ಮುಂದೆ ನಿಲ್ಲಿಸಿ ಕಾಲಿಗೆ ನೀರು ಹಾಕಿದರು. ಒಳ್ಳೆಯದಾಗಲೆಂದು ಕೂಸುಗಳನ್ನೂ ಎಳೆಗರುಗಳನ್ನೂ ಚಕ್ಕಡಿಯ ಕೆಳಗಿನಿಂದ ಈ ಕಡೆಯಿಂದ ಆ ಕಡೆಗೆ ದಾಟಿಸಿದರು. ಅಮೀನುದ್ದೀನರು ಟೋಪಿ ಕೈಯಲ್ಲಿ ಹಿಡಿದುಕೊಂಡು ಮೆರವಣಿಗೆಯ ಜೊತೆ ನಡೆದರು. ಒಂದೊಂದು ಕರು ಚಕ್ಕಡಿಯ ಕೆಳಗೆ ತಲೆ ತಗ್ಗಿಸಿ ಹಾಯುವಾಗಲೂ ಈಗ ಹೇಳುತ್ತೇನೆ, ಮುಂದಿನ ಮನೆಗೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದರು. ಮನೆಗಳು ಮುಗಿದವು.

ಒಂಬತ್ತನೆಯ ದಿನ ಮೊದಲ ಕರು ಮಲಗಿತು. ಮದ್ದು ಬೀಳದೆ ಉಳಿದಿದ್ದ ಎಳೆಯವೆಲ್ಲ, ಇಪ್ಪತ್ತು ದಿನದಲ್ಲಿ ನಲವತ್ಮೂರು. ಊರಿಗೆ ಊರೇ ಕೆಚ್ಚಲು ಬಿಗಿದ ಆಕಳುಗಳ ಕೂಗಿನಿಂದ ತುಂಬಿತು. ಅಮೀನುದ್ದೀನರು ಈಗ ಹಗಲೂ ರಾತ್ರಿ ದುಡಿದರು. ಗುಂಡಿ ತೋಡಿಸಿದರು, ಸುಣ್ಣ ಸುರಿಸಿದರು, ಯಾರೂ ತೊಗಲು ಸುಲಿಯದಂತೆ ಪ್ರತಿ ಕರುವಿನ ಮೈಗೂ ತಮ್ಮ ಕೈಯಾರೆ ಕತ್ತಿಯ ಗೀರೆಳೆದರು. ಕಸ್ತೂರೆವ್ವ ಎಂಬ ಹೆಂಗಸು ಗುಂಡಿಯ ಅಂಚಿಗೆ ಕೂತು, “ಯಪ್ಪಾ, ತೊಗಲರ ಕೊಡೋ. ಹುಲ್ಲ ತುಂಬಿ ಆಕಳ ಮುಂದ ಇಡತೇನಿ. ಕರಾ ಕಾಣದ ಅದು ಹಾಲ ತೊರಿ ಬಿಡವಲ್ದು,” ಎಂದು ಬೇಡಿಕೊಂಡಳು. ಅವರು ಅವಳ ಮುಂದೆಯೇ ಗೀರಿದರು. ಕಾಯ್ದೆಯ ಪ್ರಕಾರ ಅದು ಸರಿ. ಅಷ್ಟು ಸರಿಯಾದ ಕೆಲಸವನ್ನು ಅವರು ತಮ್ಮ ಜನ್ಮದಲ್ಲಿ ಬೇರೆ ಮಾಡಿರಲಿಲ್ಲ, ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿತ್ತು.

ಧಾರವಾಡದಿಂದ ಮೇಲಿನ ಅಧಿಕಾರಿ ಬರುವವರಿದ್ದರು. ಫಾರಮಿನಲ್ಲಿ ‘ರೋಗದ ಮೂಲ’ ಎಂಬ ಒಂದು ಖಾನೆ ಖಾಲಿ ಉಳಿದಿತ್ತು. ಅದನ್ನು ಹಿಡಿದುಕೊಂಡು ಊರು ಸುತ್ತಿದರು. ಹೊಳೆಯ ಕಡೆಯ ಕೊನೆಯ ಮನೆಯ ಮುಂದೆ ಒಂದು ಹೊಸ ಎತ್ತು ಕಂಡಿತು, ಬಿಳಿಯದು, ನಾಲ್ಕು ಹಲ್ಲಿನದು. ಯಜಮಾನ ದಸ್ತಗೀರಸಾಬ ಸಂತೆಯಿಂದ ಸಂತೆಗೆ ಹೋಗಿ ಬೇರೆಯವರಿಗೆ ಎತ್ತು ಆರಿಸಿ ಕೊಡಿಸುತ್ತಿದ್ದವನು. ತನಗೆಂದು ಮೊದಲ ಸಲ ಒಂದನ್ನು ತಂದಿದ್ದ. ಯಾವಾಗ ತಂದೆ ಎಂದು ಕೇಳಿದಾಗ ಬಹಳ ಖುಷಿಯಿಂದ, “ಇಪ್ಪತ್ತೈದ ದಿನಾ ಆತ್ರಿ. ಸುಳಿ ನೋಡ್ರಿ, ನಡಿಗಿ ನೋಡ್ರಿ,” ಎಂದು ಎತ್ತನ್ನು ನಡೆಸಿ ತೋರಿಸಿದ. ಕಿವಿಯ ತೂತಿನಲ್ಲಿ ಬೆರಳಿಟ್ಟುಕೊಂಡೇ ಅಮೀನುದ್ದೀನರು ಖಾನೆ ತುಂಬಿದರು: ಸಂತೆಯಿಂದ ತಂದ ಎತ್ತು. ಚಾವಡಿಯಲ್ಲಿ ರಿಪೋರ್ಟು ಓದಿದಾಗ ದಸ್ತಗೀರಸಾಬನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಹುಕುಮಿನ ಕೆಳಗೆ ಹೆಬ್ಬೆಟ್ಟು ಒತ್ತಿದ. ಅವನದೂ ತಮ್ಮದೇ ಜಾತಿಯಾದ್ದರಿಂದ ತಾವು ಪಕ್ಷಪಾತ ಮಾಡಿದರೆಂದು ಯಾರೂ ಅನ್ನಲಾರರು ಎಂಬ ಸಮಾಧಾನವೂ ಆಗ ಅವರ ಮನಸ್ಸಿನಲ್ಲಿ ಬಂದು ಹೋಗಿತ್ತು. ಮನುಷ್ಯ ಎಷ್ಟು ಕೆಳಗಿಳಿಯಬಲ್ಲ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಜೀಪು ನಿಂತಿತು. ಮನೆ ಅದೇ ಮನೆ. ಮುಂದೆ ಬೇವಿನ ಗಿಡ, ಗಿಡದಿಂದ ಇಪ್ಪತ್ತು ಮಾರು ದೂರಕ್ಕೆ, ಊರಿಗೆ ಬೆನ್ನು ಮಾಡಿ, ಒಂದು ಬೇರೆಯೇ ಚಪ್ಪರ. ಅದರ ಕೆಳಗೆ ಎತ್ತು ಮಲಗಿತ್ತು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಗೊರಸು ಬೆಳೆದು ಮುಂದಕ್ಕೆ ಬಾಗಿದ್ದವು. ಮೈ ಮಾತ್ರ ತಿಕ್ಕಿ ತೊಳೆದು ಸ್ವಚ್ಛವಿತ್ತು. ಪಕ್ಕದಲ್ಲಿ ಕಲ್ಲಿನ ದೋಣಿ, ಸುತ್ತಲೂ ಮುಳ್ಳಿನ ಬೇಲಿ. ಏಳು ವರ್ಷ ಒಂದು ಜೀವ ಈ ಬೇಲಿಯೊಳಗೆ ಎದ್ದು ಕೂತು ಮಾಡಿದೆ ಎಂಬುದು ಕಾಗದದಲ್ಲಿ ಓದಿದಾಗ ಕಣ್ಣಿಗೆ ಕಟ್ಟಿರಲಿಲ್ಲ. ಈಗ ಕಟ್ಟಿತು.

ದಸ್ತಗೀರಸಾಬ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹತ್ತಿ, ಎರಡೂ ಕೈಯಿಂದ ಸಲಾಮು ಮಾಡಿದ. “ಯಾ ಅಲ್ಲಾ, ಸಾಹೇಬ್ರು! ಒಂದ ಕಾಗದಕ್ಕ ಇಷ್ಟ ದೂರ ಬಂದ್ರ್ಯಾ? ರಹಿಮಾ, ಹೊರಸ ತಾ. ನಮ್ಮ ಡಾಕ್ಟರ ಸಾಹೇಬ್ರು ಬಂದಾರ.” ಹೆಂಡತಿ ರಹಿಮಾಬಿ ಸೆರಗು ಸರಿಮಾಡಿಕೊಂಡು ಹೊರಸು ತಂದು ಹಾಕಿದಳು; ಅವಳು ಸಲಾಮು ಮಾಡಲಿಲ್ಲ. ಜೀಪಿನ ಸದ್ದು ಕೇಳಿ ಗುರಪ್ಪಗೌಡರೂ ಬಡಿಗೆ ಊರಿಕೊಂಡು ಬಂದರು. ಎಪ್ಪತ್ತರ ಹತ್ತಿರದ ಮುದುಕರು, ಕಣ್ಣು ಮಂಜಾಗಿದ್ದವು. ಬಂದವರೇ, “ಬಿಚ್ಚಸ್ರಿ ಸಾಹೇಬ್ರ ಅದನ್ನ,” ಎಂದರು. “ನಾವೆಲ್ಲಾ ಹೇಳಿ ಹೇಳಿ ಸಾಕಾತು. ಹುಕುಂ ಬರಲಿ, ಹುಕುಂ ಬರಲಿ ಅಂತಾನ. ಕಾಗದ ಬರಸಿದ್ದೂ ನಾನ.”

“ಹುಕುಂ ಬರದ ಹೆಂಗ ಬಿಚ್ಚಲೋ ಗೌಡಾ?” ದಸ್ತಗೀರಸಾಬ ಮೆಲ್ಲಗೆ ಹೇಳಿದ. “ನಲವತ್ಮೂರು ಕರಾ ತಿಂದ ಎತ್ತು. ಮತ್ತೊಂದ ಊರಿನ ಕರಾ ತಿಂದ್ರ ನಾ ದೇವರಿಗಿ ಏನ ಜವಾಬ ಕೊಡ್ಲಿ?”

ಬರುವ ದಾರಿಯುದ್ದಕ್ಕೂ ಅಮೀನುದ್ದೀನರು ಮಾತು ಜೋಡಿಸಿಕೊಂಡಿದ್ದರು. ಇವನು ಊರಿನ ಮೇಲೆ ಸಿಟ್ಟಿನಲ್ಲಿರುತ್ತಾನೆ, ತನ್ನ ಮೇಲೆ ಸುಳ್ಳು ಅಪವಾದ ಬಂತೆಂದು ಕೂಗುತ್ತಾನೆ, ತಾವು ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು ಎಂದುಕೊಂಡಿದ್ದರು. ಇವನು ನಂಬಿದ್ದ. ತಾವು ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ನಂಬಿ, ಏಳು ವರ್ಷ ಅದರೊಳಗೆ ಬದುಕಿದ್ದ. ಜೋಡಿಸಿಕೊಂಡ ಮಾತನ್ನೆಲ್ಲ ಪಕ್ಕಕ್ಕಿಟ್ಟರು. ಸುಮ್ಮನೆ, “ಎತ್ತಿಗೆ ರೋಗ ಇರಲಿಲ್ಲ ದಸ್ತಗೀರಸಾಬ,” ಎಂದರು.

“ಈಗ ಇರಲಿಕ್ಕಿಲ್ರಿ. ಆರಾಮ ಐತಿ.”

“ಆಗಲೂ ಇರಲಿಲ್ಲ. ನನಗೆ ಗೊತ್ತಿತ್ತು.” ಪರಪ್ಪ ಹಿಂದಿನಿಂದ ಕೆಮ್ಮಿದ. ಅವರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಗೊತ್ತಿತ್ತು. ಹೋರಿಗೆ ಮದ್ದು ಹಾಕದೆ ಬಿಟ್ಟದ್ದು, ನೂರಕ್ಕೆ ನೂರು ಎಂದು ಬರೆದದ್ದು, ಸತ್ತ ಹೋರಿಯ ಬಾಯಿಯಲ್ಲಿ ಹುಣ್ಣು ಕಂಡೂ ವಯಸ್ಸಾಗಿತ್ತು ಅಂದದ್ದು, ಚಕ್ಕಡಿಯ ಕೆಳಗೆ ಕರು ದಾಟಿಸುವಾಗ ಬಾಯಿ ಮುಚ್ಚಿಕೊಂಡಿದ್ದದ್ದು, ಕಿವಿಯ ತೂತು ನೋಡಿಯೂ ಎತ್ತಿನ ಮೇಲೆ ಹೊರಿಸಿದ್ದು, ಒಂದೂ ಬಿಡದೆ ಹೇಳಿದರು. ಹೇಳುವಾಗ ಧ್ವನಿ ಕಚೇರಿಯ ಧ್ವನಿಯಾಗಿಯೇ ಇತ್ತು. ಬೇರೆ ಧ್ವನಿ ಅವರಲ್ಲಿ ಉಳಿದಿರಲಿಲ್ಲ.

ಮೊದಲು ಬಾಯಿ ಬಿಟ್ಟವಳು ರಹಿಮಾಬಿ. “ಏಳ ವರ್ಷದಿಂದ ಈ ಮನಷ್ಯಾ ಹಾಲ ಕುಡದಿಲ್ಲ, ಮಸರ ಉಂಡಿಲ್ಲ. ಊರಾಗಿನ ಕರಾ ನನ್ನಿಂದ ಸತ್ತಾವು, ನನಗ್ಯಾಕ ಹಾಲು ಅಂತ. ಮಗಳ ಲಗ್ನದಾಗ ಬೀಗರ ಚಕ್ಕಡಿ ಅಂಗಳಕ್ಕ ಬಿಟ್ಟಗೊಳ್ಳಲಿಲ್ಲ, ಅವರ ಎತ್ತಿಗಿ ಬ್ಯಾನಿ ಹತ್ತೀತು ಅಂತ. ಬೀಗರು ಸಿಟ್ಟಾಗಿ ಉಣದ ಹ್ವಾದ್ರು. ಸಾಹೇಬ್ರ, ನಿಮಗ ಮಕ್ಕಳ ಅದಾವೇನ್ರಿ?” ಎಂದಳು. ಅವರು ಇದ್ದಾರೆ ಎಂದರು. “ಹೂಂ,” ಎಂದು ಒಳಗೆ ಹೋದಳು.

ಗುರಪ್ಪಗೌಡರು ಬಡಿಗೆಯ ತುದಿಯಿಂದ ನೆಲ ಕೆರೆಯುತ್ತಿದ್ದರು. “ಒಂದ ಮಾತ ಕೇಳ್ಲ್ಯಾ ಸಾಹೇಬ್ರ? ಅವತ್ತ ಬಸವಣ್ಣ ಬಂದು ನಿಂತಾಗ ನಾ ಟೊಂಕ ಕಟ್ಟಿ ತಯಾರಾಗಿದ್ದೆ. ಕೊಂಬ ಹಿಡೀಬೇಕು, ನೀವು ಚುಚ್ಚತೀರಿ ಅಂತ. ನೀವು ಕೈ ಮುಗದ್ರಿ. ಸಾಹೇಬ್ರಿಗಿ ಮನಸ್ಸಿಲ್ಲ, ದೇವರ ಹೋರಿ ಮುಟ್ಟಾಕ ಅವರಿಗಿ ಇರಸುಮುರಸು ಇರಬೇಕು, ಒತ್ತಾಯ ಮಾಡಿ ಅವರನ್ನ ಪೇಚಿಗಿ ಹಾಕೂದು ಬ್ಯಾಡ ಅಂತ ನಾವು ಸುಮ್ಮಾದ್ವಿ. ಒಂದ ಸಲ ಬಾಯಿ ತಗದು, ಹಿಡೀರಿ ಗೌಡ್ರ ಅಂದಿದ್ರ ಆಗಿತ್ತು.” ಅವರು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಬಾಯಿ ಮುಚ್ಚಿಕೊಂಡ ಒಂದು ಗಳಿಗೆ, ಅದರ ಬೆಲೆ ನಲವತ್ಮೂರು ಕರು. ಅಮೀನುದ್ದೀನರು ಹೊರಸಿನ ಅಂಚಿಗೆ ಕೂತರು. ಅವರು ಅಂಜಿದ್ದು ಈ ಊರಿಗಲ್ಲ. ಅಂಥ ಊರು ಅವರ ತಲೆಯೊಳಗೆ ಮಾತ್ರ ಇತ್ತು.

“ನನಗೂ ಊರಾಗ ಯಾರೂ ಒಂದ ಮಾತ ಅನ್ಲಿಲ್ರಿ,” ದಸ್ತಗೀರಸಾಬ ಹೇಳಿದ. ನೆಲ ನೋಡುತ್ತಲೇ ಹೇಳಿದ. “ಗೌಡ ಹಬ್ಬಕ್ಕ ಕರೀತಿದ್ದ, ಹೋಗಲಿಲ್ಲ. ಸಂತಿಗಿ ಕರದ್ರು, ಹೋಗಲಿಲ್ಲ. ಮಂದಿ ಮರತಿದ್ರು. ನಾನ ನನ್ನ ಕೈಯಾರ ಹೊರಗ ಕುಂತೆ. ಓದಿದಾವ್ರು ಬರದಾರಂದ್ರ ಖರೇನ ಇರಬೇಕಲ್ರಿ?” ಆಮೇಲೆ ತಲೆ ಎತ್ತಿದ. “ಎಷ್ಟ ದಿನಾ ಕಟ್ಟಬೇಕಿತ್ರಿ ಅದನ್ನ, ಬ್ಯಾನಿ ಇದ್ರೂ?”

“ಒಂದು ತಿಂಗಳು.”

“ಒಂದ ತಿಂಗಳು,” ಎಂದ ಅವನು. ಬೆರಳು ಮಡಿಸಿ ಏನೋ ಎಣಿಸಲು ಹೋಗಿ ಬಿಟ್ಟುಬಿಟ್ಟ.

ಅಮೀನುದ್ದೀನರು ಪರಪ್ಪನ ಕೈಯಿಂದ ಫೈಲು ಇಸಿದುಕೊಂಡು ಅರ್ಜಿಯ ಕೆಳಗೇ ಬರೆದರು. ಎತ್ತನ್ನು ಈ ಕ್ಷಣದಿಂದ ಬಿಡತಕ್ಕದ್ದು. ಸದರಿ ಎತ್ತಿಗೆ ಯಾವ ಕಾಲಕ್ಕೂ ರೋಗವಿರಲಿಲ್ಲ. ಐವತ್ತೆಂಟರ ರಿಪೋರ್ಟು ಸುಳ್ಳು, ಅದು ಸುಳ್ಳೆಂದು ಗೊತ್ತಿದ್ದೇ ನಾನು ಬರೆದದ್ದು. ಪರಪ್ಪ ಭುಜದ ಮೇಲಿಂದ ಓದಿ, “ಕಡೀ ಸಾಲ ಬ್ಯಾಡ್ರಿ ಸಾಹೇಬ್ರ,” ಎಂದು ಪಿಸುಗುಟ್ಟಿದ. ಅವರು ಸಹಿ ಹಾಕಿ ತಾರೀಖು ಬರೆದು, “ಇವತ್ತೇ ಮೇಲಕ್ಕೆ ಕಳಿಸು, ಒಂದು ನಕಲು ಇಲ್ಲಿ ಕೊಡು,” ಎಂದರು. ಹಗುರವಾಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಕಾಗದದ ಮೇಲೆ ಮೂರು ಸಾಲು ಹೆಚ್ಚಾಗಿದ್ದವು, ಅಷ್ಟೇ.

“ಹುಕುಂ ಆಯಿತು. ಬಿಚ್ಚು,” ಎಂದರು.

ದಸ್ತಗೀರಸಾಬ ಬೇಲಿ ಸರಿಸಿ ಎತ್ತಿನ ಹತ್ತಿರ ಹೋಗಿ ನಿಂತ. ಹಗ್ಗಕ್ಕೆ ಕೈ ಹಾಕಲಿಲ್ಲ. ತಿರುಗಿ ನೋಡಿ, ಸಿಟ್ಟಿಲ್ಲದೆ, ಬಹಳ ದಣಿದವನ ಧ್ವನಿಯಲ್ಲಿ, “ನೀವ ಬಿಚ್ಚರಿ ಸಾಹೇಬ್ರ. ಕಟ್ಟಿಸಿದಾವ್ರು ನೀವ,” ಎಂದ.

ಅಮೀನುದ್ದೀನರು ಬೂಟು ಕಾಲಿನಲ್ಲೇ ಬೇಲಿಯೊಳಗೆ ಹೋಗಿ ಗೂಟದ ಮುಂದೆ ಕುಕ್ಕರಗಾಲಲ್ಲಿ ಕೂತರು. ಸಗಣಿಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಏಳು ವರ್ಷದಲ್ಲಿ ಒಬ್ಬನೇ ಮನುಷ್ಯನ ಕೈ ಕಂಡಿದ್ದ ಎತ್ತು, ಹೊಸ ಕೈ ಹತ್ತಿರ ಬಂದದ್ದೇ ದಡಬಡಿಸಿ ಎದ್ದು ಹಿಂದಕ್ಕೆ ಸರಿಯಿತು. ಕಣ್ಣು ಅಗಲವಾದವು, ಹಗ್ಗ ಬಿಗಿದು ಮೂಗು ಜಗ್ಗಿತು, ಮೈಯೆಲ್ಲ ಥರಥರ ನಡುಗತೊಡಗಿತು. ಸಾವಿರಾರು ದನಗಳು ತಮ್ಮ ಕೈಗೆ ಅಂಜಿ ನಡುಗಿದ್ದನ್ನು ಅವರು ನೋಡಿದ್ದರು, ಯಾವುದಕ್ಕೂ ಕೈ ತಡೆದಿರಲಿಲ್ಲ. ಕೈ ಚಾಚಲೂ ಆಗದೆ, ಹಿಂದೆ ತೆಗೆಯಲೂ ಆಗದೆ ಕೂತರು.

ದಸ್ತಗೀರಸಾಬ ಅದರ ಕೊರಳನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದು, ಕಿವಿಗೆ ಬಾಯಿ ಹಚ್ಚಿ ಹೇಳಿದ:

“ಅಂಜಬ್ಯಾಡೋ ಮಗನ, ಅಂಜಬ್ಯಾಡ. ನಮ್ಮ ಸಾಹೇಬ್ರು ಅದಾರ.”